ಅಪ್ಪನನ್ನು ಹೃದಯದ ಔಷಧಿಯ ಟ್ರಯಲ್‌ಗೆ ಸೇರಿಸಬೇಕಾ? ಒಪ್ಪಿಗೆ ಪತ್ರ ಮನೆಗೆ ತಂದಿದ್ದೇವೆ

ಬನಹಟ್ಟಿ ಮಗ್ಗ
ಎಲ್ಲರಿಗೂ ನಮಸ್ಕಾರ. ನಮ್ಮದು ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿ. ಅಪ್ಪನಿಗೆ 59 ವರ್ಷ. ನಲವತ್ತು ವರ್ಷ ಮಗ್ಗದ ಮುಂದೆ ಕೂತವರು. ಹೋದ ವರ್ಷ ಯುಗಾದಿ ಆದ ಮೇಲೆ ಒಂದು ಬೆಳಗಿನ ಜಾವ ಎದೆ ಹಿಡಿದುಕೊಂಡು ಕುಸಿದು ಕೂತರು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಸರ್ಕಾರದ ಹೃದಯ ಜ್ಯೋತಿ ಯೋಜನೆಯಲ್ಲಿ ಒಂದು ಸೂಜಿ ಕೊಟ್ಟರು. ಅಲ್ಲಿಂದ ಬೆಳಗಾವಿಗೆ ಒಯ್ದೆವು. ಒಂದು ಸ್ಟೆಂಟ್ ಹಾಕಿದ್ದಾರೆ. ಈಗ ಆರಾಮ ಇದ್ದಾರೆ.

ಮೊನ್ನೆ ಚೆಕಪ್‌ಗೆ ಹೋದಾಗ ಡಾಕ್ಟರು ಒಂದು ವಿಷಯ ಹೇಳಿದರು. ಕೊಲೆಸ್ಟ್ರಾಲ್ ಇಳಿಸುವ ಹೊಸ ಔಷಧಿಯ ಟ್ರಯಲ್ ನಡೆದಿದೆ, ಒಮ್ಮೆ ಹಾರ್ಟ್ ಅಟ್ಯಾಕ್ ಆದವರನ್ನು ಸೇರಿಸಿಕೊಳ್ಳುತ್ತಿದ್ದಾರೆ, ಇಷ್ಟ ಇದ್ದರೆ ನೋಡಿ ಅಂದರು. ಒತ್ತಾಯ ಮಾಡಲಿಲ್ಲ. ಅರ್ಧ ಜನಕ್ಕೆ ಔಷಧಿ, ಇನ್ನರ್ಧಕ್ಕೆ ಔಷಧಿ ಇಲ್ಲದ ಬರೀ ನೀರಿನಂಥ ಸೂಜಿ. ಯಾರಿಗೆ ಯಾವುದು ಅಂತ ಡಾಕ್ಟರಿಗೂ ಗೊತ್ತಿರುವುದಿಲ್ಲವಂತೆ. ಕನ್ನಡದಲ್ಲಿರುವ 20ಕ್ಕೂ ಜಾಸ್ತಿ ಪುಟದ ಒಪ್ಪಿಗೆ ಪತ್ರ ಕೊಟ್ಟು, ಮನೆಯಲ್ಲಿ ಓದಿ ಬನ್ನಿ ಅಂತ ಕಳಿಸಿದ್ದಾರೆ.

ಬಸ್ಸಿನಲ್ಲಿ ಬರುವಾಗ ಅಪ್ಪ ಒಂದೇ ಮಾತು ಕೇಳಿದರು. "ತಮ್ಮಾ, ನನ್ನ ಮ್ಯಾಲೆ ಪ್ರಯೋಗ ಮಾಡ್ತಾರೇನು?" ನನಗೆ ಉತ್ತರ ಹೊಳೆಯಲಿಲ್ಲ. ಅವ್ವ ಬೇಡವೇ ಬೇಡ ಅನ್ನುತ್ತಿದ್ದಾಳೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ನಿಪ್ಪಾಣಿ ಹುಡುಗ
ಬೇಡ ಅಣ್ಣಾ. ನಮ್ಮ ಕಾಕಾನ ಅನುಭವದ ಮೇಲೆ ಹೇಳುತ್ತಿದ್ದೇನೆ. ಕೆಲವು ವರ್ಷದ ಹಿಂದೆ ಒಂದು ಆಸ್ಪತ್ರೆಯಲ್ಲಿ ಅವರನ್ನು ಆಂಜಿಯೋಗೆ (ಹೃದಯದ ರಕ್ತನಾಳದ ಪರೀಕ್ಷೆಗೆ) ಒಳಗೆ ಕರೆದೊಯ್ಯುವ ಹೊತ್ತಿಗೆ ಒಂದು ಕಾಗದ ಹಿಡಿದು ಬಂದರು. "ಸ್ಟಡಿ ಐತ್ರೀ, ಸಹಿ ಮಾಡ್ರಿ" ಅಂದರು. ಆ ಹೊತ್ತಿನಲ್ಲಿ ಯಾರು ಓದುತ್ತಾರೆ? ಕಾಕಾ ಮಾಡಿಬಿಟ್ಟರು. ನಮಗೆ ಪ್ರತಿ ಸಿಗಲಿಲ್ಲ. ಆಮೇಲೆ ಎರಡು ಸಲ ಫೋನ್ ಬಂತು, ಅಷ್ಟೇ. ಯಾವ ಔಷಧಿ, ಏನು ತಿಳಿಯಿತು, ಇವತ್ತಿಗೂ ಗೊತ್ತಿಲ್ಲ. ಕಾಕಾಗೆ ತೊಂದರೆ ಆಗಲಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ನಮ್ಮನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ ಅನ್ನುವ ನೋವು ಹೋಗಿಲ್ಲ. ಬಡವರು, ಹಳ್ಳಿಯವರು, ಪ್ರಶ್ನೆ ಕೇಳದವರು. ಇಂಥವರೇ ಯಾಕೆ ಬೇಕು ಇವರಿಗೆ?

ಸಿಸ್ಟರ್ ಬೆಳಗಾವಿ
ನಾನು ಹದಿನಾಲ್ಕು ವರ್ಷ ಹೃದಯದ ಐಸಿಯುನಲ್ಲಿ ನರ್ಸ್ ಆಗಿದ್ದೆ. ನಂತರ ಆರು ವರ್ಷ ಟ್ರಯಲ್‌ಗಳನ್ನು ನೋಡಿಕೊಳ್ಳುವ ಸ್ಟಡಿ ಕೋ-ಆರ್ಡಿನೇಟರ್ ಕೆಲಸ. ಈಗ ಬಿಟ್ಟಿದ್ದೇನೆ, ಹಾಗಾಗಿ ಯಾರ ಪರವಾಗಿಯೂ ಮಾತಾಡುತ್ತಿಲ್ಲ.

ನಿಪ್ಪಾಣಿಯ ತಮ್ಮಾ, ನಿಮ್ಮ ಕಾಕಾಗೆ ಮಾಡಿದ್ದು ತಪ್ಪು. ಒಪ್ಪಿಗೆ ಪತ್ರದ ಒಂದು ಪ್ರತಿ ರೋಗಿಗೆ ಕೊಡಲೇಬೇಕು. ಓದಲು ಸಮಯ ಕೊಡಬೇಕು. ಓದಲು ಬಾರದವರಾದರೆ ಟ್ರಯಲ್‌ಗೆ ಸಂಬಂಧ ಇಲ್ಲದ ಒಬ್ಬ ಸಾಕ್ಷಿಯ ಎದುರು ಪೂರ್ತಿ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು. ಇದು ಯಾರೋ ಮಾಡುವ ಉಪಕಾರ ಅಲ್ಲ, ನಿಯಮ.

ಬನಹಟ್ಟಿಯವರೇ, ನಿಮ್ಮ ಅಪ್ಪನ ಪ್ರಶ್ನೆಗೆ ಬರುತ್ತೇನೆ. ತಾಲ್ಲೂಕು ಆಸ್ಪತ್ರೆಯಲ್ಲಿ ಅವರಿಗೆ ಕೊಟ್ಟ ಸೂಜಿ ಬಹುಶಃ ಟೆನೆಕ್ಟಿಪ್ಲೇಸ್. ಆ ಯೋಜನೆಯಲ್ಲಿ ಕೊಡುವುದು ಅದನ್ನೇ. ರಕ್ತನಾಳದಲ್ಲಿ ಕಟ್ಟಿಕೊಂಡ ಗಡ್ಡೆಯನ್ನು ಕರಗಿಸುತ್ತದೆ. ಇದಕ್ಕಿಂತ ಮೊದಲು ಆಲ್ಟಿಪ್ಲೇಸ್ ಇತ್ತು. ಅದನ್ನು ಪಂಪಿಗೆ ಹಾಕಿ ಒಂದೂವರೆ ತಾಸು ನಿಧಾನವಾಗಿ ಬಿಡಬೇಕು. ಟೆನೆಕ್ಟಿಪ್ಲೇಸ್ ಒಂದೇ ಸಲ, ಹತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ. ಇದೂ ಅಷ್ಟೇ ಜೀವ ಉಳಿಸುತ್ತದಾ ಅಂತ ನೋಡಲು ಅಸೆಂಟ್-2 ಅನ್ನುವ ಟ್ರಯಲ್ ಮಾಡಿದರು. 16,949 ರೋಗಿಗಳು ಸೇರಿದ್ದರು. 1999ರಲ್ಲಿ ಫಲಿತಾಂಶ ಬಂತು. ಮೂವತ್ತು ದಿನದಲ್ಲಿ ತೀರಿಕೊಂಡವರು ಎರಡೂ ಕಡೆ ನೂರಕ್ಕೆ ಸುಮಾರು ಆರು, ಹೆಚ್ಚುಕಡಿಮೆ ಒಂದೇ. ಹಾಗಾದರೆ ಸುಲಭದ್ದನ್ನೇ ಬಳಸೋಣ ಅಂತ ಆಯ್ತು. ಪಂಪು, ಐಸಿಯು ಇಲ್ಲದ ಸಣ್ಣ ಊರಿನಲ್ಲೂ ಕೊಡಲು ಬರುವುದು ಅದಕ್ಕೇ.

ಆ ಸುಮಾರು 17,000 ಜನರೂ ಅಪ್ಪನ ಹಾಗೆ ಎದೆನೋವಿನಲ್ಲಿ ಬಂದವರೇ. ಅವರ ಮೇಲೂ ಪ್ರಯೋಗ ಆಗಿತ್ತು. ಅಪ್ಪನಿಗೆ ಇದನ್ನು ಹೇಳಿ. ಟ್ರಯಲ್ ಸೇರಬೇಕು ಅಂತ ಅಲ್ಲ. ಪ್ರಯೋಗ ಅನ್ನುವ ಮಾತಿಗೆ ಹೆದರಿಸುವ ಅರ್ಥ ಒಂದೇ ಅಲ್ಲ ಅಂತ ತಿಳಿಯಲಿ.

ಬನಹಟ್ಟಿ ಮಗ್ಗ
ಅಕ್ಕಾ, ನೀವು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಇನ್ನೊಂದು ಪ್ರಶ್ನೆ ಬಂತು. "ಖರೇ ಔಷಧ ಇರೂವಾಗ ಸುಳ್ಳು ಸೂಜಿ ಯಾಕ ಚುಚ್ಚತಾರ?" ನನಗೂ ಅದೇ ಅನುಮಾನ.

ಸಿಸ್ಟರ್ ಬೆಳಗಾವಿ
ಅದು ಖರೇನೇ ಕೆಲಸ ಮಾಡುತ್ತದಾ ಅನ್ನುವುದೇ ಇನ್ನೂ ಗೊತ್ತಿಲ್ಲವಲ್ಲ, ಅದಕ್ಕೆ.

ನಾನು ಹೊಸಬರಿಗೆ ಯಾವಾಗಲೂ ಹೇಳುತ್ತಿದ್ದ ಒಂದು ಉದಾಹರಣೆ ಇದೆ. ಹಾರ್ಟ್ ಅಟ್ಯಾಕ್ ಆದವರಲ್ಲಿ ಕೆಲವರಿಗೆ ಹೃದಯದ ಬಡಿತ ನಡುನಡುವೆ ತಪ್ಪುತ್ತದೆ. ಹಾಗೆ ತಪ್ಪುವವರು ಜಾಸ್ತಿ ಸಾಯುತ್ತಾರೆ ಅಂತ ಕಂಡಿತ್ತು. ಬಡಿತ ಸರಿ ಮಾಡುವ ಗುಳಿಗೆಗಳೂ ಬಂದವು, ಎನ್‌ಕೈನೈಡ್, ಫ್ಲೆಕೈನೈಡ್ ಅಂತ. ಗುಳಿಗೆ ಕೊಟ್ಟರೆ ಇಸಿಜಿ ಚೆನ್ನಾಗಿ ಕಾಣುತ್ತಿತ್ತು. ಅಮೆರಿಕದಲ್ಲಿ ಡಾಕ್ಟರುಗಳು ನಂಬಿ ಬರೆದುಕೊಡುತ್ತಿದ್ದರು. ಪ್ಲಸೀಬೊ (ಔಷಧಿ ಇಲ್ಲದ ಸುಳ್ಳು ಗುಳಿಗೆ) ಕೊಟ್ಟು ಹೋಲಿಸುವುದೇ ಅನ್ಯಾಯ, ಒಳ್ಳೆಯ ಔಷಧಿಯನ್ನು ಅರ್ಧ ಜನಕ್ಕೆ ತಪ್ಪಿಸಿದ ಹಾಗೆ ಅಂದವರೂ ಇದ್ದರು. ಆದರೂ ಕಾಸ್ಟ್ ಅನ್ನುವ ಟ್ರಯಲ್ ನಡೆಯಿತು. ಈ ಎರಡು ಗುಳಿಗೆಯ ಭಾಗವನ್ನು 1989ರಲ್ಲಿ ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಗುಳಿಗೆ ತಗೊಂಡ 755 ಜನರಲ್ಲಿ 63 ಸಾವು. ಪ್ಲಸೀಬೊ ತಗೊಂಡ 743 ಜನರಲ್ಲಿ 26. ಇಸಿಜಿ ಸರಿ ಮಾಡಿದ ಗುಳಿಗೆಯೇ ಮನುಷ್ಯರನ್ನು ಒಯ್ದಿತ್ತು. ಹೋಲಿಸಿ ನೋಡದೆ ಇದ್ದಿದ್ದರೆ ಇನ್ನೂ ಎಷ್ಟೋ ವರ್ಷ ಹಾಗೇ ಬರೆದುಕೊಡುತ್ತಿದ್ದರು. ಇದನ್ನು ಮೊದಲ ಸಲ ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಇನ್ನೊಂದು ಮಾತು, ಇದು ಮುಖ್ಯ. ಪ್ಲಸೀಬೊ ಅಂದರೆ ಚಿಕಿತ್ಸೆಯನ್ನೇ ನಿಲ್ಲಿಸುವುದು ಅಲ್ಲ. ಅಪ್ಪ ಈಗ ತಗೊಳ್ಳುವ ಆಸ್ಪಿರಿನ್, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್, ಬಿಪಿ ಗುಳಿಗೆ ಎಲ್ಲಾ ಹಾಗೇ ಮುಂದುವರಿಯಬೇಕು. ಹೊಸದು ಅದರ ಮೇಲೆ. ಒಪ್ಪಿಗೆ ಪತ್ರದಲ್ಲಿ ಇದು ಸ್ಪಷ್ಟವಾಗಿ ಇದೆಯಾ ನೋಡಿ. ಇಲ್ಲದಿದ್ದರೆ ಸಹಿ ಬೇಡ.

ವಿಜಯಪುರದ ಮಾಸ್ತರ
ನಾನು ನಿವೃತ್ತ ಕನ್ನಡ ಶಿಕ್ಷಕ. ಟ್ರಯಲ್‌ನಲ್ಲಿ ರೋಗಿಗಳಿಗೆ ಅನ್ಯಾಯ ಆಗದ ಹಾಗೆ ನೋಡುವ ಒಂದು ಎಥಿಕ್ಸ್ ಕಮಿಟಿಯಲ್ಲಿ ಸಾಮಾನ್ಯ ಜನರ ಪರವಾಗಿ ಕೂರುತ್ತೇನೆ. ಯಾವ ಸಂಸ್ಥೆ ಅಂತ ಇಲ್ಲಿ ಬೇಡ. 2019ರ ನಿಯಮದ ಪ್ರಕಾರ ಈ ಕಮಿಟಿಯಲ್ಲಿ ಕಡಿಮೆ ಅಂದರೂ ಏಳು ಜನ ಇರಬೇಕು. ಅರ್ಧದಷ್ಟು ಜನ ಆ ಸಂಸ್ಥೆಗೆ ಸಂಬಂಧ ಇಲ್ಲದವರು. ಅಧ್ಯಕ್ಷರೂ ಹೊರಗಿನವರೇ. ಒಬ್ಬ ಮಹಿಳೆ, ಒಬ್ಬ ಕಾನೂನು ಬಲ್ಲವರು, ನನ್ನಂಥ ವೈದ್ಯಕೀಯ ಓದದ ಒಬ್ಬರು ಇರಲೇಬೇಕು. ನಾವು ಒಪ್ಪದೆ ಟ್ರಯಲ್ ಶುರು ಮಾಡುವ ಹಾಗಿಲ್ಲ.

ನನ್ನ ಕೆಲಸ ಹೆಚ್ಚಾಗಿ ಭಾಷೆಯದ್ದು. ಕನ್ನಡ ಒಪ್ಪಿಗೆ ಪತ್ರಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. "ಯಾದೃಚ್ಛಿಕವಾಗಿ ನಿಯೋಜಿಸಲಾಗುವುದು" ಅಂತ ಬರೆದಿರುತ್ತಾರೆ. ಇಂಡಿ, ಸಿಂದಗಿಯಿಂದ ಬಂದ ರೈತನಿಗೆ ಇದು ಏನು ಅರ್ಥ ಆಗಬೇಕು? ನಾನು ಹೊಡೆದು ಹಾಕಿ, "ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ, ಯಾವುದು ಬರುತ್ತದೆ ಅನ್ನುವುದು ಯಾರ ಕೈಯಲ್ಲೂ ಇಲ್ಲ" ಅಂತ ಬರೆಸಿದೆ. ಇನ್ನೊಂದರಲ್ಲಿ "ಜೋಡಿ-ಕುರುಡು ಅಧ್ಯಯನ" ಅಂತ ಇತ್ತು, ಯಾರಿಗೆ ಯಾವುದು ಅಂತ ರೋಗಿಗೂ ಡಾಕ್ಟರಿಗೂ ಗೊತ್ತಿರುವುದಿಲ್ಲ ಅನ್ನುವುದಕ್ಕೆ. ಒಬ್ಬ ಅಜ್ಜ ಓದಿಸಿ ಕೇಳಿ, "ನನಗ ಕಣ್ಣು ಚೆನ್ನಾಗಿ ಕಾಣತಾವ್ರೀ, ಇದು ಕುರುಡರದ್ದು" ಅಂತ ಎದ್ದು ಹೋಗಿದ್ದರಂತೆ. ತಪ್ಪು ಅಜ್ಜನದ್ದಲ್ಲ. ಅರ್ಥವಾಗದ ಕಾಗದದ ಮೇಲೆ ಪಡೆದ ಸಹಿಯನ್ನು ನಾನು ಒಪ್ಪಿಗೆ ಅಂತ ಕರೆಯುವುದಿಲ್ಲ.

ನಿಪ್ಪಾಣಿ ತಮ್ಮ ಕೇಳಿದ ಪ್ರಶ್ನೆ ದೊಡ್ಡದು. ಬಡವರೇ ಯಾಕೆ? ಕಮಿಟಿಯಲ್ಲಿ ನಾನೂ ಅದನ್ನು ಕೇಳುತ್ತೇನೆ. ಈ ಔಷಧಿ ಗೆದ್ದರೆ ಇದನ್ನು ಕೊಳ್ಳುವವರು ಯಾರು, ನಮ್ಮ ಜನರಿಗೆ ಸಿಗುತ್ತದಾ ಅಂತ. ಕೆಲವೊಮ್ಮೆ ಉತ್ತರ ಸರಿ ಇರುವುದಿಲ್ಲ. ಆದರೆ ನಮ್ಮವರನ್ನು ಸೇರಿಸದೇ ಬಿಟ್ಟರೂ ನಷ್ಟ ನಮಗೇ. 52 ದೇಶಗಳಲ್ಲಿ ಮಾಡಿದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ನಮ್ಮ ಭಾಗದ ದೇಶಗಳ ಜನರೂ ಇದ್ದರು. ಮೊದಲ ಹಾರ್ಟ್ ಅಟ್ಯಾಕ್ ಆದ ನಡುವಿನ ವಯಸ್ಸು ನಮ್ಮವರಲ್ಲಿ 53, ಉಳಿದ ದೇಶದವರಲ್ಲಿ ಸುಮಾರು 59 ಅಂತ ತಿಳಿದದ್ದು ಅದರಿಂದಲೇ. ಆರು ವರ್ಷದ ಅಂತರ. ಮಗಳ ಮದುವೆ, ಮಗನ ಓದು ಎಲ್ಲಾ ಬಾಕಿ ಇರುವ ವಯಸ್ಸು ಅದು.

ಬೆಳಗಾವಿ ಜಿಲ್ಲೆಯದೇ ಒಂದು ಕಥೆ ಹೇಳುತ್ತೇನೆ. ಹೃದಯದ್ದಲ್ಲ, ಹೆರಿಗೆಯದ್ದು. ಹೆರಿಗೆ ಆದ ಮೇಲೆ ರಕ್ತ ಹೋಗಿ ತಾಯಂದಿರು ಸಾಯುತ್ತಿದ್ದರು. ಇಲ್ಲಿನ ಹಳ್ಳಿಗಳಲ್ಲಿ 1,620 ಬಾಣಂತಿಯರನ್ನು ಸೇರಿಸಿ, ದಾದಿಯರೇ ಬಾಯಿಗೆ ಕೊಡಬಹುದಾದ ಮಿಸೊಪ್ರೊಸ್ಟಾಲ್ ಗುಳಿಗೆಯನ್ನು ಪರೀಕ್ಷಿಸಿದರು. ಅದರಲ್ಲೂ ಅರ್ಧ ಜನಕ್ಕೆ ಪ್ಲಸೀಬೊ. ವಿಪರೀತ ರಕ್ತಸ್ರಾವ ನೂರಕ್ಕೆ 12 ಇದ್ದದ್ದು 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದೇ ಕೆಲಸಕ್ಕೆ ಈ ಗುಳಿಗೆಯನ್ನು ತನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಜಗತ್ತಿಗೆ ಕೊಟ್ಟದ್ದು ಅದು. ಅವರ ಹೆಸರು ಎಲ್ಲೂ ಇಲ್ಲ, ಅದು ನನಗೆ ಬೇಸರ.

ಬೈಲಹೊಂಗಲ ಮಗಳು
ಮಾಸ್ತರ್ರ, ಹೆಣ್ಣುಮಕ್ಕಳ ಮಾತು ಬಂತು ಅಂತ ಬರೆಯುತ್ತಿದ್ದೇನೆ. ನಮ್ಮ ಅವ್ವನಿಗೆ ಎರಡು ದಿನ ದವಡೆ, ಭುಜ ನೋವು, ಬೆವರು, ಸುಸ್ತು. ಎದೆನೋವು ಇರಲಿಲ್ಲ. ಗ್ಯಾಸ್ ಅಂತ ಎರಡು ಕಡೆ ಗುಳಿಗೆ ಕೊಟ್ಟು ಕಳಿಸಿದರು. ಮೂರನೇ ಕಡೆ ಇಸಿಜಿ ಮಾಡಿದಾಗ ಅಟ್ಯಾಕ್ ಆಗಿದೆ ಅಂತ ಗೊತ್ತಾಯಿತು.

ಆಮೇಲೆ ಒಂದು ಆಸ್ಪತ್ರೆಯಲ್ಲಿ ರಕ್ತ ತೆಳುವಾಗಿಸುವ ಗುಳಿಗೆಯ ಸ್ಟಡಿ ಬಗ್ಗೆ ಹೇಳಿದರು. ಎಲ್ಲಾ ವಿವರಣೆ ಅಣ್ಣನಿಗೆ. ಸಹಿ ಕೇಳಿದ್ದೂ ಅಣ್ಣನನ್ನೇ. ಅವ್ವ ಅಲ್ಲೇ ಮಂಚದ ಮೇಲೆ ಎಚ್ಚರವಾಗಿ ಕೂತಿದ್ದಳು, ಏಳನೇ ತರಗತಿ ಓದಿದವಳು, ದಿನಾ ಪೇಪರ್ ಓದುತ್ತಾಳೆ. ಅವ್ವನ ಎದೆ, ಅಣ್ಣನ ಸಹಿ! ಇದಕ್ಕೆ ನಿಯಮ ಇಲ್ವಾ?

ಸಿಸ್ಟರ್ ಬೆಳಗಾವಿ
ಇದೆ ತಂಗಿ. ಪ್ರಜ್ಞೆ ಇದ್ದು, ಅರ್ಥ ಮಾಡಿಕೊಳ್ಳುವ ಶಕ್ತಿ ಇದ್ದರೆ ರೋಗಿಯೇ ಸಹಿ ಮಾಡಬೇಕು. ಗಂಡ, ಮಗ, ಅಣ್ಣ ಯಾರೂ ಅವಳ ಬದಲು ಒಪ್ಪುವ ಹಾಗಿಲ್ಲ. ಮನೆಯವರ ಹತ್ತಿರ ಮಾತಾಡಬೇಕು ಅಂತ ಅವಳಿಗೆ ಅನಿಸಿದರೆ ಅದು ಬೇರೆ. ಹೃದಯದ ಟ್ರಯಲ್‌ಗಳಲ್ಲಿ ಮೊದಲಿನಿಂದಲೂ ಹೆಂಗಸರು ಕಡಿಮೆ. ಅದಕ್ಕೇ ಹೆಂಗಸರ ಹೃದಯದ ಬಗ್ಗೆ ನಮಗೆ ತಿಳಿದದ್ದೂ ಕಡಿಮೆ. ಅವ್ವ ಈಗ ಹೇಗಿದ್ದಾರೆ?

ಬೈಲಹೊಂಗಲ ಮಗಳು
ಆರಾಮ ಇದ್ದಾಳೆ ಅಕ್ಕಾ. ಸ್ಟಡಿಗೆ ಬೇಡ ಅಂದಳು. ಮೊದಲೇ ಅವಳನ್ನೇ ಕೇಳಿದ್ದರೆ ಬಹುಶಃ ಹೂಂ ಅನ್ನುತ್ತಿದ್ದಳು.

ಆಶಾ ಮುಧೋಳ
ನಾನು ಆಶಾ ಕಾರ್ಯಕರ್ತೆ. ನಮ್ಮ ಬಾಗಲಕೋಟೆ ಮತ್ತು ಬೆಳಗಾವಿ ಜಿಲ್ಲೆಗಳಲ್ಲಿ 2014ರಲ್ಲಿ ಗರ್ಭಿಣಿಯರ ಬಿಪಿ ಬಗ್ಗೆ ಕ್ಲಿಪ್ ಅನ್ನುವ ಟ್ರಯಲ್ ಶುರುವಾಗಿತ್ತು. ಗರ್ಭಿಣಿಗೆ ಬಿಪಿ ಏರಿದರೆ ತಾಯಿ, ಮಗು ಇಬ್ಬರಿಗೂ ಅಪಾಯ. ಆಶಾ, ಎಎನ್‌ಎಂಗಳು (ಹಳ್ಳಿಯ ದಾದಿಯರು) ಮನೆಗೆ ಹೋಗಿ ಬಿಪಿ ನೋಡುವುದು, ಅಪಾಯ ಎಷ್ಟಿದೆ ಅಂತ ಸಾಧನದಲ್ಲಿ ತಿಳಿಯುವುದು, ಬೇಕಾದರೆ ಮೊದಲ ಔಷಧಿ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳಿಸುವುದು. ಕೆಲವು ಊರುಗಳಲ್ಲಿ ಹೀಗೆ, ಉಳಿದ ಊರುಗಳಲ್ಲಿ ಮೊದಲಿನ ಹಾಗೆ. ಇದರ ವಿಷಯ ಮೊದಲು ನನಗೆ ಹೇಳಿದ್ದು ನನಗಿಂತ ಹಿರಿಯ ಆಶಾ ಅಕ್ಕನವರು.

ಒಟ್ಟು ಲೆಕ್ಕದಲ್ಲಿ ಸಾವು, ತೊಂದರೆ ಕಡಿಮೆ ಆಗಲಿಲ್ಲ. ಅದನ್ನು ಮುಚ್ಚಿಡದೆ ಹಾಗೇ ಬರೆದರು. ಇದೇ ಟ್ರಯಲ್ ಪಾಕಿಸ್ತಾನ, ಮೊಜಾಂಬಿಕ್‌ನಲ್ಲೂ ನಡೆದಿತ್ತು. ಮೂರೂ ದೇಶದ ಲೆಕ್ಕ ಕೂಡಿಸಿ ನೋಡಿದಾಗ, ಎಂಟು ಅಥವಾ ಅದಕ್ಕಿಂತ ಜಾಸ್ತಿ ಸಲ ಭೇಟಿ ಆದ ತಾಯಂದಿರಲ್ಲಿ ಒಳ್ಳೆಯದಾಗಿದ್ದು ಕಂಡಿತು. ಒಂದೆರಡು ಸಲ ಹೋಗಿ ಬಂದರೆ ಸಾಲದು ಅಂತ. ನನಗೆ ಇದು ದಿನಾ ನೆನಪಾಗುತ್ತದೆ. ಎಂಟನೇ ಸಲ ಅದೇ ಮನೆ ಬಾಗಿಲು ತಟ್ಟುವಾಗ "ಮತ್ತ ಬಂದ್ರೇನವಾ" ಅನ್ನುತ್ತಾರೆ. ಹೌದವ್ವ, ಮತ್ತೆ ಬಂದೆ ಅನ್ನುತ್ತೇನೆ.

ಗೋಕಾಕ ಫಾಲ್ಸ್
ವಿಷಯ ಸ್ವಲ್ಪ ಬೇರೆ, ಕ್ಷಮಿಸಿ. ನಮ್ಮ ಮಾಮಾಗೆ ಹಾರ್ಟ್ ಅಟ್ಯಾಕ್ ಆಗಿಲ್ಲ. ಗುಡ್ಡ ಹತ್ತಿದರೆ ಎದೆ ಹಿಡಿಯುತ್ತದೆ, ಕೂತರೆ ಹೋಗುತ್ತದೆ. ಎರಡು ವರ್ಷದಿಂದ ಹೀಗೇ ಇದೆ. ನಾಳೆಯೇ ಸ್ಟೆಂಟ್ ಹಾಕಿಸದಿದ್ದರೆ ಜೀವಕ್ಕೆ ಅಪಾಯ ಅಂತ ಒಂದು ಕಡೆ ಹೇಳಿದ್ದಾರೆ. ಹೊಲ ಅಡವಿಡಲು ಹೊರಟಿದ್ದಾರೆ. ಟ್ರಯಲ್‌ಗಳು ಇದಕ್ಕೆ ಏನು ಹೇಳುತ್ತವೆ?

ಸಿಸ್ಟರ್ ಬೆಳಗಾವಿ
ಒಳ್ಳೆಯ ಪ್ರಶ್ನೆ. ಹಾರ್ಟ್ ಅಟ್ಯಾಕ್ ನಡೆಯುತ್ತಿರುವಾಗ ಸ್ಟೆಂಟ್ ಜೀವ ಉಳಿಸುತ್ತದೆ, ಅದರಲ್ಲಿ ಅನುಮಾನ ಬೇಡ. ನಿಮ್ಮ ಮಾಮಾನ ಥರದ, ದಣಿದಾಗ ಬಂದು ಕೂತರೆ ಹೋಗುವ, ಜಾಸ್ತಿ ಆಗದೆ ಮೊದಲಿನ ಹಾಗೇ ಇರುವ ಎದೆನೋವು ಬೇರೆ ಲೆಕ್ಕ. ಇಸ್ಕೀಮಿಯಾ ಅನ್ನುವ ಟ್ರಯಲ್‌ನಲ್ಲಿ 37 ದೇಶಗಳ 5,179 ಜನ ಇದ್ದರು, ಭಾರತದವರೂ ಇದ್ದರು. ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಒಳ್ಳೆಯ ಔಷಧಿಗಳ ಜೊತೆ ಮೊದಲೇ ಆಂಜಿಯೋ ಮಾಡಿ ಸ್ಟೆಂಟ್ ಅಥವಾ ಬೈಪಾಸ್ ಮಾಡಿದರೂ, ಬರೀ ಔಷಧಿಯಿಂದ ಶುರು ಮಾಡಿದರೂ, ಆ ಕೆಲವು ವರ್ಷಗಳಲ್ಲಿ ಸಾವಿನ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ನೋವು ಜಾಸ್ತಿ ಇದ್ದವರಿಗೆ ಮಾತ್ರ ಸ್ಟೆಂಟ್, ಬೈಪಾಸ್‌ನಿಂದ ಆರಾಮ ಹೆಚ್ಚು ಸಿಕ್ಕಿತು.

ಆದರೆ ಹೃದಯದ ಎಡಗಡೆಯ ಮುಖ್ಯ ರಕ್ತನಾಳ ಕಟ್ಟಿದವರು, ಹೃದಯದ ಪಂಪಿಂಗ್ ತೀರಾ ಕಡಿಮೆ ಇದ್ದವರು ಆ ಟ್ರಯಲ್‌ನಲ್ಲಿ ಇರಲಿಲ್ಲ. ಮಾಮಾ ಆ ಗುಂಪಿನವರಾ ಅಂತ ರಿಪೋರ್ಟ್ ನೋಡಿದವರೇ ಹೇಳಬೇಕು. ರಿಪೋರ್ಟ್, ಆಂಜಿಯೋ ಸಿಡಿ ತಗೊಂಡು ಎರಡನೇ ಹೃದಯ ತಜ್ಞರನ್ನು ಕೇಳಿ. ಹೊಲ ಅಡವಿಡುವ ಮುಂಚೆ ಕೇಳಿ. ಗುಳಿಗೆ ಮಾತ್ರ ಒಂದು ದಿನವೂ ಬಿಡಬಾರದು. ಕೂತಾಗಲೂ ನೋವು ಬಂದರೆ, ಮೊದಲಿಗಿಂತ ಜಾಸ್ತಿ ಆದರೆ ತಕ್ಷಣ 108ಕ್ಕೆ ಫೋನ್ ಮಾಡಿ.

ವಿಜಯಪುರದ ಮಾಸ್ತರ
ಬನಹಟ್ಟಿಯವರೇ, ಆ ಪತ್ರದ ಮೊದಲ ಪುಟಗಳಲ್ಲಿ ಸಿಟಿಆರ್‌ಐ ಅಂತ ಶುರುವಾಗುವ ಒಂದು ನಂಬರ್ ಇದೆಯಾ ಹುಡುಕಿ. ಇಲ್ಲದಿದ್ದರೆ ಕೇಳಿ ತಗೊಳ್ಳಿ. 2009ರ ಜೂನ್‌ನಿಂದ ನಮ್ಮ ದೇಶದಲ್ಲಿ ಇಂಥ ಟ್ರಯಲ್‌ಗಳನ್ನು ಸರ್ಕಾರದ ಈ ಪಟ್ಟಿಯಲ್ಲಿ ಮೊದಲೇ ನೋಂದಾಯಿಸಬೇಕು. ಮೊಬೈಲ್‌ನಲ್ಲೇ ನೋಡಬಹುದು, ದುಡ್ಡು ಬೇಕಿಲ್ಲ. ಯಾವ ಆಸ್ಪತ್ರೆ, ಎಥಿಕ್ಸ್ ಕಮಿಟಿ ಒಪ್ಪಿದೆಯಾ, ಎಲ್ಲಾ ಇರುತ್ತದೆ.

ಟ್ರಯಲ್‌ನಿಂದ ತೊಂದರೆ ಆದರೆ ಚಿಕಿತ್ಸೆ ಯಾರು ಕೊಡುತ್ತಾರೆ, ಪರಿಹಾರ ಯಾರು ಕೊಡುತ್ತಾರೆ ಅಂತ ಓದಿ. ಅದು ಕಾನೂನಿನಲ್ಲೇ ಇದೆ, ಪತ್ರದಲ್ಲೂ ಇರಬೇಕು. ಗಂಭೀರ ತೊಂದರೆ ಆದರೆ ಡಾಕ್ಟರು 24 ತಾಸಿನ ಒಳಗೆ ಔಷಧ ನಿಯಂತ್ರಕರಿಗೆ ಮತ್ತು ಕಮಿಟಿಗೆ ತಿಳಿಸಬೇಕು. ಮಧ್ಯದಲ್ಲಿ ಬಿಟ್ಟು ಬಂದರೂ ಅಪ್ಪನ ಮಾಮೂಲಿ ಚಿಕಿತ್ಸೆಗೆ ಅಡ್ಡಿ ಮಾಡುವ ಹಾಗಿಲ್ಲ. ರಾತ್ರಿ ಹೊತ್ತು ಫೋನ್ ಮಾಡಲು ನಂಬರ್ ಬೇಕು. ಬಸ್ ಖರ್ಚು, ಆ ದಿನದ ಕೂಲಿ ಕೇಳಲು ನಾಚಿಕೆ ಬೇಡ.

ನಿಪ್ಪಾಣಿ ಹುಡುಗ
ಮಾಸ್ತರ್ರ, ಇದೆಲ್ಲಾ ಅವತ್ತು ಗೊತ್ತಿದ್ದರೆ ಕಾಕಾನ ಕೈ ಹಿಡಿದು ನಿಲ್ಲಿಸುತ್ತಿದ್ದೆ. ಈಗ ಆ ಆಸ್ಪತ್ರೆಗೆ ಬರೆದು ಪ್ರತಿ ಕೇಳಬಹುದಾ?

ವಿಜಯಪುರದ ಮಾಸ್ತರ
ಖಂಡಿತ ಕೇಳಿ. ಆಸ್ಪತ್ರೆಗೆ ಒಂದು, ಅಲ್ಲಿನ ಎಥಿಕ್ಸ್ ಕಮಿಟಿಯ ಕಾರ್ಯದರ್ಶಿಗೆ ಒಂದು ಅರ್ಜಿ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಕಾಕಾನ ಸಹಿ ಇರಲಿ. ಕರಡು ಬೇಕಾದರೆ ನಾನು ಬರೆದು ಕೊಡುತ್ತೇನೆ, ಮೆಸೇಜ್ ಮಾಡಿ.

ಬನಹಟ್ಟಿ ಮಗ್ಗ (ಹನ್ನೆರಡು ದಿನದ ನಂತರ)
ತಡವಾಯಿತು, ಎಲ್ಲರೂ ಕ್ಷಮಿಸಿ. ನಡೆದದ್ದನ್ನು ಹೇಳುತ್ತೇನೆ.

ನಾಲ್ಕು ರಾತ್ರಿ ಕೂತು ಪೂರ್ತಿ ಪತ್ರ ಓದಿದೆವು. ನಾನು ಓದುವುದು, ಅಪ್ಪ ನಿಲ್ಲಿಸಿ ಕೇಳುವುದು. ಅರ್ಥ ಆಗದ ಕಡೆ ಅವ್ವ ಸೀಸದ ಕಡ್ಡಿಯಿಂದ ಗೆರೆ ಎಳೆದಳು. ಒಟ್ಟು ಹನ್ನೊಂದು ಗೆರೆ. ಸಿಟಿಆರ್‌ಐ ನಂಬರ್ ಇತ್ತು, ಮೊಬೈಲ್‌ನಲ್ಲಿ ನೋಡಿದೆ, ಸರಿ ಇದೆ. ಈಗಿನ ಗುಳಿಗೆ ಎಲ್ಲಾ ಮುಂದುವರಿಯುತ್ತವೆ ಅಂತಲೂ ಇತ್ತು.

ಬೆಳಗಾವಿಗೆ ಹೋದೆವು. ಡಾಕ್ಟರು ಹನ್ನೊಂದೂ ಗೆರೆಗೆ ಉತ್ತರ ಹೇಳಿದರು. ಮುಕ್ಕಾಲು ತಾಸು ಹಿಡಿಯಿತು. ಕೊನೆಗೆ ಅಪ್ಪ ಕೇಳಿದರು, "ನನಗ ನೀರಿನ ಸೂಜಿ ಬಂದ್ರ, ಔಷಧದ ಸೂಜಿ ಯಾರಿಗೆ ಹೋತು ಅಂತ ಮುಂದ ಹೇಳ್ತೀರೇನ್ರೀ?" ಟ್ರಯಲ್ ಪೂರ್ತಿ ಮುಗಿದ ಮೇಲೆ ನಿಮಗೆ ಬಂದದ್ದು ಯಾವುದು ಅಂತ ತಿಳಿಸುತ್ತೇವೆ, ಬೇರೆಯವರ ಹೆಸರು ಹೇಳಲು ಬರುವುದಿಲ್ಲ ಅಂದರು ಡಾಕ್ಟರು. ಅಪ್ಪ ಅವ್ವನ ಮುಖ ನೋಡಿದರು. ಅವ್ವ "ನಿಮ್ಮ ಇಚ್ಛಾ" ಅಂದಳು. ಅಪ್ಪ ತಾವೇ ಸಹಿ ಮಾಡಿದರು.

ಆದರೆ ಸೇರಲು ಆಗಲಿಲ್ಲ. ಸೂಜಿ ಶುರು ಮಾಡುವ ಮುಂಚೆ ರಕ್ತ ಪರೀಕ್ಷೆ ಮಾಡಿದರು. ಅಪ್ಪನ ಕ್ರಿಯಾಟಿನಿನ್ ಜಾಸ್ತಿ ಬಂತು, ಕಿಡ್ನಿ ಸ್ವಲ್ಪ ಸೋತಿದೆ. ಅಷ್ಟಿದ್ದವರನ್ನು ಈ ಟ್ರಯಲ್‌ಗೆ ತಗೊಳ್ಳುವುದಿಲ್ಲವಂತೆ. ಬೇರೆ ಯಾವ ಗುಳಿಗೆ ತಗೋತೀರಿ ಅಂತ ಡಾಕ್ಟರು ಕೆದಕಿ ಕೇಳಿದಾಗ ಹೊರಬಂತು. ಮಗ್ಗದಲ್ಲಿ ಕೂತು ಬೆನ್ನು ನೋವು ಅಂತ ಅಪ್ಪ ವರ್ಷಗಟ್ಟಲೆ ಮೆಡಿಕಲ್ ಶಾಪಿನಿಂದ ನೋವಿನ ಗುಳಿಗೆ ತಂದು ನುಂಗುತ್ತಿದ್ದರು. ಅಟ್ಯಾಕ್ ಆದ ಮೇಲೂ. ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಂಥ ಗುಳಿಗೆ ಕಿಡ್ನಿಗೂ ಕೆಟ್ಟದ್ದು, ಹೃದಯಕ್ಕೂ ಕೆಟ್ಟದ್ದು ಅಂತ ಆ ದಿನವೇ ಬಿಡಿಸಿದರು.

ಅಪ್ಪನಿಗೆ ಬೇಜಾರಾಗಿದೆ. "ಇಷ್ಟ ಓದಿಸಿ, ಸಹಿ ತಗೊಂಡು, ಕಡೀಗೆ ಬ್ಯಾಡ ಅಂದ್ರಲ್ಲ" ಅಂತ ಬಸ್ಸಿನುದ್ದಕ್ಕೂ ಅಂದರು. ಪತ್ರದ ಪ್ರತಿಯನ್ನು ಮಾತ್ರ ಬಿಡಲಿಲ್ಲ. ಟ್ರಂಕಿನಲ್ಲಿ ಮಗ್ಗದ ಲೆಕ್ಕದ ಪುಸ್ತಕದ ಜೊತೆ ಇಟ್ಟಿದ್ದಾರೆ.

ಸೋಮವಾರ ಬಾಗಲಕೋಟೆಯಲ್ಲಿ ಕಿಡ್ನಿ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ. ಸಿಸ್ಟರ್ ಅಕ್ಕಾ, ಏನೇನು ಒಯ್ಯಬೇಕು?

ಸಿಸ್ಟರ್ ಬೆಳಗಾವಿ
ಡಿಸ್ಚಾರ್ಜ್ ಕಾರ್ಡ್, ಎಕೋ ರಿಪೋರ್ಟ್, ಹಳೆಯ ರಕ್ತ ಪರೀಕ್ಷೆಗಳು. ಹೋದ ವರ್ಷದ ಕ್ರಿಯಾಟಿನಿನ್ ಎಷ್ಟಿತ್ತು ಅಂತ ಹೋಲಿಸಲು ಬೇಕಾಗುತ್ತದೆ. ಈಗಿನ ಎಲ್ಲಾ ಗುಳಿಗೆಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಆ ನೋವಿನ ಗುಳಿಗೆಯ ಖಾಲಿ ಪಟ್ಟಿಯನ್ನೂ. ಮೂತ್ರ ಪರೀಕ್ಷೆ ಮಾಡಬಹುದು. ಸ್ಟೆಂಟ್‌ನ ಗುಳಿಗೆ ಯಾರು ಹೇಳಿದರೂ ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಬೆನ್ನು ನೋವಿನ ವಿಷಯ ಅವರಿಗೆ ಮೊದಲೇ ಹೇಳಿ. ಅಪ್ಪ ಹೇಳುವುದಿಲ್ಲ, ನೀವೇ ಹೇಳಬೇಕು.

ಬನಹಟ್ಟಿ ಮಗ್ಗ
ಆಯ್ತು ಅಕ್ಕಾ. ಖಾಲಿ ಪಟ್ಟಿಗಳನ್ನು ಅವ್ವ ಆಗಲೇ ಹುಡುಕಿ ತೆಗೆದಿದ್ದಾಳೆ. ಮಗ್ಗದ ಕೆಳಗಿನ ಕುಣಿಯಲ್ಲಿ ಇದ್ದವು.